‘ಬೇಡ’ ಅನ್ನುವವರಿಗೆ ಖರ್ಚಿಲ್ಲ: ಅಧಿಕಾರ ಇಲ್ಲದವರು ಡೆವ್‌ಆಪ್ಸ್ ತರುವ ಬಗೆ

2025ರ ನವೆಂಬರ್ 18ರ ಸಂಜೆ ಐದು ಗಂಟೆಯ ಹೊತ್ತಿಗೆ ಎಕ್ಸ್ ತೆರೆಯಲಿಲ್ಲ, ಚಾಟ್‌ಜಿಪಿಟಿ ತೆರೆಯಲಿಲ್ಲ, ಇನ್ನೆಷ್ಟೋ ವೆಬ್‌ಸೈಟ್‌ಗಳು ಎರರ್ ತೋರಿಸಿ ಸುಮ್ಮನಾದವು. ಇವೆಲ್ಲದರ ಹಿಂದೆ ನಿಂತಿರುವ ಕ್ಲೌಡ್‌ಫ್ಲೇರ್ ಎಂಬ ಕಂಪನಿಯ ಜಾಲ ಬಿದ್ದಿತ್ತು. ಯಾರೋ ದಾಳಿ ಮಾಡುತ್ತಿದ್ದಾರೆ ಅಂತ ಮೊದಲು ಆ ಕಂಪನಿಯವರಿಗೇ ಅನುಮಾನ ಬಂತು. ಕೊನೆಗೆ ನೋಡಿದರೆ, ತಮ್ಮದೇ ಒಂದು ಡೇಟಾಬೇಸಿನ ಅನುಮತಿಗಳನ್ನು ಅವರು ಕೊಂಚ ಬದಲಿಸಿದ್ದರು. ಅಷ್ಟೇ.

ಇಂಥ ಸುದ್ದಿ ಬಂದಾಗಲೆಲ್ಲ ಐಟಿ ಆಫೀಸುಗಳಲ್ಲಿ ಒಂದು ಮಾತು ಓಡಾಡುತ್ತದೆ. ‘ನೋಡಿದ್ರಾ? ಅಷ್ಟು ದೊಡ್ಡವರಿಗೇ ಹೀಗಾದ್ರೆ ನಮಗ್ಯಾಕೆ ದಿನಕ್ಕೊಂದು ರಿಲೀಸು? ಮೂರು ತಿಂಗಳಿಗೊಂದೇ ಸರಿ.’ ಡೆವ್‌ಆಪ್ಸ್ (ಕೋಡ್ ಬರೆಯುವವರೂ ಸರ್ವರ್ ನೋಡಿಕೊಳ್ಳುವವರೂ ಸೇರಿ ಚಿಕ್ಕ ಚಿಕ್ಕ ಬದಲಾವಣೆಗಳನ್ನು ಬೇಗ ಹೊರತರುವ ಪದ್ಧತಿ) ತರೋಣ ಅಂತ ವರ್ಷದಿಂದ ಓಡಾಡುತ್ತಿದ್ದ ಎಂಜಿನಿಯರ್‌ಗೆ ಆ ದಿನ ಬಾಯಿ ಕಟ್ಟಿದ ಹಾಗೆ.

ಆದರೆ ಇದಕ್ಕೆ ಎದುರು ದಿಕ್ಕಿನ ಸುದ್ದಿಯೂ ಇದೆ. 2024ರ ಏಪ್ರಿಲ್ 24ರಂದು ರಿಸರ್ವ್ ಬ್ಯಾಂಕ್, ಕೊಟಕ್ ಮಹೀಂದ್ರಾ ಬ್ಯಾಂಕಿಗೆ ಆನ್‌ಲೈನ್ ಮತ್ತು ಮೊಬೈಲ್ ಮೂಲಕ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳಬೇಡಿ, ಹೊಸ ಕ್ರೆಡಿಟ್ ಕಾರ್ಡ್ ಕೊಡಬೇಡಿ ಎಂದು ಆದೇಶ ಕೊಟ್ಟಿತು. ಕಾರಣಗಳ ಪಟ್ಟಿಯಲ್ಲಿ ಪ್ಯಾಚ್ ಮತ್ತು ಚೇಂಜ್ ಮ್ಯಾನೇಜ್‌ಮೆಂಟಿನ, ಅಂದರೆ ಸಾಫ್ಟ್‌ವೇರಿನ ತಿದ್ದುಪಡಿ, ಬದಲಾವಣೆಗಳನ್ನು ಶಿಸ್ತಾಗಿ ನಿಭಾಯಿಸುವುದರ ಕೊರತೆಯೂ ಇತ್ತು. ಆ ನಿರ್ಬಂಧ ಪೂರ್ತಿ ಹೋಗಲು 2025ರ ಫೆಬ್ರವರಿ 12ರ ತನಕ ಕಾಯಬೇಕಾಯಿತು.

ಅಂದರೆ ಬದಲಾವಣೆ ಮಾಡಿದರೂ ಪೆಟ್ಟು, ನೆಟ್ಟಗೆ ಮಾಡದಿದ್ದರೂ ಪೆಟ್ಟು. ಗೊಂದಲ ಆಗುವುದು ಸಹಜ, ಅಲ್ವಾ? ಬದಲಾವಣೆಯನ್ನು ಬೇಗ ಮಾಡಬೇಕೋ, ನಿಧಾನ ಮಾಡಬೇಕೋ? ಅದನ್ನು ತೀರ್ಮಾನಿಸುವ ಅಧಿಕಾರ ಇಲ್ಲದ, ಆದರೆ ರಾತ್ರಿ ಎರಡಕ್ಕೆ ಫೋನ್ ಬಂದರೆ ಎದ್ದು ಕೂರಬೇಕಾದ ಮನುಷ್ಯ ಏನು ಮಾಡಬಹುದು?

ಎತ್ತು ಏರಿಗೆ, ಕೋಣ ನೀರಿಗೆ

ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಮೊದಲಿನಿಂದ ಎರಡು ಗುಂಪು. ಕೋಡ್ ಬರೆಯುವವರು ಡೆವಲಪ್‌ಮೆಂಟ್. ಸರ್ವರ್ ನೋಡಿಕೊಳ್ಳುವವರು ಆಪರೇಷನ್ಸ್. ಮೊದಲನೆಯವರಿಗೆ ಶಹಬ್ಬಾಸ್‌ಗಿರಿ ಸಿಗುವುದು ಹೊಸದನ್ನು ಕೊಟ್ಟಾಗ. ಎರಡನೆಯವರಿಗೆ ಸಿಗುವುದು ಏನೂ ಕೆಡದಿದ್ದಾಗ. (ನಿಜ ಹೇಳಬೇಕೆಂದರೆ ಆಗಲೂ ಸಿಗುವುದಿಲ್ಲ. ಬೈಗುಳ ತಪ್ಪುತ್ತದೆ, ಅಷ್ಟೇ.)

ಚೆನ್ನಾಗಿ ಓಡುತ್ತಿರುವ ಸಾಫ್ಟ್‌ವೇರ್ ಹೆಚ್ಚಾಗಿ ಕೆಡುವುದು ಅದನ್ನು ಯಾರಾದರೂ ಮುಟ್ಟಿದಾಗ. ಹಾಗಾಗಿ ಒಂದು ಗುಂಪಿನ ಸಂಪಾದನೆ ಇನ್ನೊಂದು ಗುಂಪಿನ ತಲೆನೋವು. ಒಂದೇ ನೊಗಕ್ಕೆ ಕಟ್ಟಿದ ಎತ್ತು ಏರಿಗೆ ಎಳೆಯುತ್ತದೆ, ಕೋಣ ನೀರಿಗೆ ಎಳೆಯುತ್ತದೆ. ಇಬ್ಬರ ಸ್ವಭಾವದಲ್ಲೂ ದೋಷ ಇಲ್ಲ, ಕೂಲಿಯ ಲೆಕ್ಕವೇ ಹಾಗೆ.

ಈ ನೊಗವನ್ನು ಸರಿಮಾಡುವ ಪ್ರಯತ್ನಕ್ಕೆ ಬಿದ್ದ ಹೆಸರು ಡೆವ್‌ಆಪ್ಸ್. ಬರೆದ ಕೋಡ್ ಬಳಸುವವರ ಕೈ ಸೇರುವ ತನಕದ ದಾರಿಯನ್ನು ಎರಡೂ ಕಡೆಯವರು ಸೇರಿ ನೋಡಿಕೊಳ್ಳುವುದು ಇದರ ತಿರುಳು. ಬದಲಾವಣೆಗಳನ್ನು ಚಿಕ್ಕದಾಗಿ ಇಟ್ಟುಕೊಳ್ಳುವುದು, ಟೆಸ್ಟ್ ಮತ್ತು ಡಿಪ್ಲಾಯ್ (ಹೊಸ ಕೋಡನ್ನು ಸರ್ವರ್‌ಗೆ ಹಾಕುವ) ಕೆಲಸವನ್ನು ಯಂತ್ರಕ್ಕೆ ವಹಿಸುವುದು, ಕೆಟ್ಟರೆ ತಕ್ಷಣ ಹಿಂದಿನ ಸ್ಥಿತಿಗೆ ಮರಳುವುದು, ಇವೆಲ್ಲ ಆ ತಿರುಳಿನಿಂದ ಹುಟ್ಟಿದ ರೂಢಿಗಳು. ಟೂಲ್‌ಗಳ ಹೆಸರುಗಳು ಆಮೇಲೆ ಬಂದವು.

ಇದು ಹುಟ್ಟಿದ ಕಥೆ ಈ ಲೇಖನಕ್ಕೆ ಬೇಕೇ ಬೇಕು. ಬೆಲ್ಜಿಯಂನ ಪ್ಯಾಟ್ರಿಕ್ ಡೆಬುವಾ 2007ರಲ್ಲಿ ಅಲ್ಲಿನ ಸರ್ಕಾರಿ ಸಚಿವಾಲಯವೊಂದರ ಡೇಟಾ ಸೆಂಟರ್ ಸ್ಥಳಾಂತರದ ಕೆಲಸದಲ್ಲಿದ್ದರು. ಒಂದು ದಿನ ಡೆವಲಪರ್‌ಗಳ ಜೊತೆ, ಮರುದಿನ ಆಪರೇಷನ್ಸ್‌ನವರ ಜೊತೆ. ಎರಡೂ ಕಡೆ ಓಡಾಡಿ ಅವರಿಗೆ ಸಾಕಾಗಿ ಹೋಯಿತು. 2008ರಲ್ಲಿ ಟೊರಾಂಟೊದ ಒಂದು ಸಮ್ಮೇಳನದಲ್ಲಿ ಆ್ಯಂಡ್ರೂ ಶೇಫರ್ ಎಂಬವರು ಇದೇ ವಿಷಯದ ಚರ್ಚೆ ಇಟ್ಟಿದ್ದರು. ಬಂದದ್ದು ಡೆಬುವಾ ಒಬ್ಬರೇ. ಯಾರಿಗೂ ಆಸಕ್ತಿ ಇಲ್ಲ ಅಂದುಕೊಂಡು ಶೇಫರ್ ಕೂಡ ಹೋಗಿರಲಿಲ್ಲ! ಆಮೇಲೆ ಶೇಫರ್ ಅವರನ್ನು ಡೆಬುವಾ ಹುಡುಕಿ ಹಿಡಿದು ಮಾತಾಡಿಸಿದರು.

ಮರುವರ್ಷ ಜೂನ್‌ನಲ್ಲಿ ಫೋಟೊ ಹಂಚಿಕೊಳ್ಳುವ ತಾಣ ಫ್ಲಿಕರ್‌ನ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್, ತಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಡಿಪ್ಲಾಯ್ ಮಾಡುವುದು ಹೇಗೆ ಅಂತ ಅಮೆರಿಕದಲ್ಲಿ ಭಾಷಣ ಮಾಡಿದರು. ಡೆಬುವಾ ಅದನ್ನು ಬೆಲ್ಜಿಯಂನಲ್ಲಿ ಕೂತು ನೋಡಿದರು. ಅದೇ ಅಕ್ಟೋಬರ್‌ನಲ್ಲಿ ಗೆಂಟ್ ಪಟ್ಟಣದಲ್ಲಿ ಎರಡು ದಿನದ ‘ಡೆವ್‌ಆಪ್ಸ್ ಡೇಸ್’ ನಡೆಸಿದರು. ಹೆಸರು ಅಲ್ಲಿಂದ ಉಳಿಯಿತು.

ಇವರಲ್ಲಿ ಯಾರೂ ಕಂಪನಿಯ ಮುಖ್ಯಸ್ಥರಲ್ಲ. ‘ಮೇಲಿನವರ ಬೆಂಬಲ ಇಲ್ಲದೆ ಡೆವ್‌ಆಪ್ಸ್ ಸಾಧ್ಯವಿಲ್ಲ’ ಅಂತ ಇವತ್ತು ಸ್ಲೈಡ್ ತೋರಿಸುವವರಿಗೆ ಈ ಕಥೆ ಗೊತ್ತಿದ್ದರೆ ಒಳ್ಳೆಯದು.

ಬಿದ್ದದ್ದು ವೇಗದಿಂದಲೇ?

ಈಗ ಸುದ್ದಿಗೆ ಬರೋಣ. ಕ್ಲೌಡ್‌ಫ್ಲೇರ್ ಬಳಿ, ಬಂದವರು ಮನುಷ್ಯರೋ ಬಾಟ್‌ಗಳೋ ಎಂದು ಗುರುತಿಸಲು ಒಂದು ಫೈಲ್ ಇದೆ. ಐದೈದು ನಿಮಿಷಕ್ಕೆ ಅದು ಹೊಸದಾಗಿ ತಯಾರಾಗಿ ಜಗತ್ತಿನಲ್ಲಿರುವ ಅವರ ಎಲ್ಲ ಸರ್ವರ್‌ಗಳಿಗೂ ಹೋಗುತ್ತದೆ. ಡೇಟಾಬೇಸ್ ಅನುಮತಿ ಬದಲಾದ ಮೇಲೆ ಅದರಲ್ಲಿ ಸಾಲುಗಳು ಎರಡೆರಡು ಸಲ ಬಂದವು. ಫೈಲ್ ಇಮ್ಮಡಿಯಾಯಿತು. ಅದನ್ನು ಓದುವ ಪ್ರೋಗ್ರಾಂ 200ಕ್ಕಿಂತ ಹೆಚ್ಚು ಅಂಶ ಬರುವುದಿಲ್ಲ ಅಂತ ನಂಬಿ ಕೂತಿತ್ತು. ಮಿತಿ ದಾಟಿತು, ಪ್ರೋಗ್ರಾಂ ಬಿತ್ತು.

ಕಂಪ್ಯೂಟರ್ ಭದ್ರತೆಯ ಸಾಫ್ಟ್‌ವೇರ್ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ 2024ರ ಜುಲೈ 19ರ ಘಟನೆಯೂ ಹೆಚ್ಚು ಕಡಿಮೆ ಇದೇ ಜಾತಿ. ಆ ದಿನ ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟದ್ದು ನೆನಪಿರಬಹುದು. ಒಂದು ಭದ್ರತಾ ಫೈಲ್ 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು, ಪ್ರೋಗ್ರಾಂ ಕೊಡುತ್ತಿದ್ದದ್ದು 20. ಕಂಪನಿ ಅದನ್ನು 78 ನಿಮಿಷದಲ್ಲೇ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತಿದ್ದವು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಎರಡೂ ಕಂಪನಿಗಳು ತಮ್ಮ ಪ್ರೋಗ್ರಾಂಗಳ ಹೊಸ ಆವೃತ್ತಿಯನ್ನು ಹಂತಹಂತವಾಗಿಯೇ ಬಿಡುತ್ತಿದ್ದವು. ಮೊದಲು ತಮ್ಮಲ್ಲಿ, ಆಮೇಲೆ ಕೆಲವರಿಗೆ, ಕೊನೆಗೆ ಎಲ್ಲರಿಗೂ. ಆದರೆ ಕೆಟ್ಟದ್ದು ಪ್ರೋಗ್ರಾಂನಿಂದಲ್ಲ. ‘ಇದು ಬರೀ ಕಾನ್ಫಿಗರೇಷನ್ (ಸೆಟ್ಟಿಂಗ್)’, ‘ಇದು ಬರೀ ಕಂಟೆಂಟ್’ ಅಂತ ಅಂದುಕೊಂಡದ್ದರಿಂದ. ಬದಲಾವಣೆ ಅಂತಲೇ ಯಾರೂ ಲೆಕ್ಕಕ್ಕೆ ಹಿಡಿಯದ ಬದಲಾವಣೆ ಅದು. ಹಾಗಾಗಿ ಹಂತಹಂತದ ಶಿಸ್ತು ಅದಕ್ಕೆ ಇರಲಿಲ್ಲ, ಒಂದೇ ಏಟಿಗೆ ಎಲ್ಲ ಕಡೆ ಹೋಯಿತು. ಡೆವ್‌ಆಪ್ಸ್ ರೂಢಿ ಪಾಲಿಸಿದ ದಾರಿ ಗಟ್ಟಿಯಾಗಿತ್ತು, ಅದನ್ನು ಬಳಸಿಕೊಳ್ಳದ ಅಡ್ಡದಾರಿಯಲ್ಲಿ ಗಾಡಿ ಮಗುಚಿತು.

ನಿಧಾನವಾಗಿ ಹೋದವರು ಉಳಿದರೇ? ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಬಹಳ ಕಾಲ ತಯಾರಿ ಮಾಡಿ 2018ರ ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ತನ್ನ ಗ್ರಾಹಕರನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸಿತು. ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆಯೇ ತೆರೆಯಲಿಲ್ಲ. 2022ರ ಡಿಸೆಂಬರ್‌ನಲ್ಲಿ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಬಿತ್ತು. ಅಮೆರಿಕದ ಶೇರು ವ್ಯವಹಾರದ ಕಂಪನಿ ನೈಟ್ ಕ್ಯಾಪಿಟಲ್ ಕಥೆ ಇನ್ನೂ ಕರುಣಾಜನಕ. 2012ರಲ್ಲಿ ಹೊಸ ಕೋಡನ್ನು ಎಂಟು ಸರ್ವರ್‌ಗಳಿಗೆ ಕೈಯಲ್ಲೇ ಹಾಕುವಾಗ ಒಂದು ಬಿಟ್ಟುಹೋಯಿತು. ಎರಡನೆಯವರು ನೋಡುವ ಪದ್ಧತಿ ಇರಲಿಲ್ಲ. ಆಗಸ್ಟ್ 1ರಂದು ಆ ಒಂದು ಸರ್ವರ್ 45 ನಿಮಿಷದಲ್ಲಿ ತಪ್ಪು ಶೇರು ವ್ಯವಹಾರ ಮಾಡಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಮಾಡಿತು. ಮಾರುಕಟ್ಟೆ ತೆರೆಯುವ ಮೊದಲೇ ಎಚ್ಚರಿಕೆಯ 97 ಇಮೇಲ್ ಬಂದಿದ್ದವು. ಯಾರೂ ಗಮನಿಸಲಿಲ್ಲ.

ನಾಲ್ಕೂ ಕಡೆ ಪೆಟ್ಟು ಕೊಟ್ಟದ್ದು ಎರಡೇ ಸಂಗತಿ. ಒಂದು, ಸುತ್ತ ಬೇಲಿ ಇಲ್ಲದೆ ಒಂದೇ ಸಲ ಎಲ್ಲ ಕಡೆ ಹರಡಿದ ಬದಲಾವಣೆ. ಇನ್ನೊಂದು, ಯಾರೂ ಪರೀಕ್ಷಿಸದ ದಾರಿ. ‘ಬೇಗ’ ಮತ್ತು ‘ನಿಧಾನ’ ಅನ್ನುವ ಜಗಳವೇ ತಪ್ಪು ಪ್ರಶ್ನೆಯ ಮೇಲೆ ನಿಂತಿದೆ.

ಅಪರೂಪಕ್ಕೆ ರಿಲೀಸ್ ಮಾಡುವುದರಿಂದ ಅಪಾಯ ಹೇಗೆ ಹೆಚ್ಚುತ್ತದೆ ಅನ್ನುವುದನ್ನೂ ಬಿಡಿಸಿ ನೋಡಬಹುದು. ರಿಲೀಸ್ ಅಪರೂಪವಾದರೆ ಪ್ರತಿ ಸಲ ಬದಲಾವಣೆಗಳ ಮೂಟೆ ದೊಡ್ಡದಾಗುತ್ತದೆ. ಮೂಟೆ ದೊಡ್ಡದಾದರೆ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದು ಕಷ್ಟ. ಹುಡುಕುವುದು ಕಷ್ಟವಾದರೆ ರಿಪೇರಿ ತಡ. ರಿಪೇರಿ ತಡವಾದರೆ ಮೇಲಿನವರಿಗೆ ಭಯ. ಭಯಕ್ಕೆ ಮದ್ದಾಗಿ ಇನ್ನೊಂದು ಅನುಮತಿ ಫಾರಂ ಬರುತ್ತದೆ. ಫಾರಂ ಜಾಸ್ತಿಯಾದ ಹಾಗೆ ರಿಲೀಸ್ ಇನ್ನೂ ಅಪರೂಪ. ಗಾಣ ಸುತ್ತುತ್ತಲೇ ಇರುತ್ತದೆ.

ಬೇಡ ಅನ್ನುವವರ ಲೆಕ್ಕ

ಇಷ್ಟು ಓದಿದವರಿಗೆ ವಿರೋಧಿಸುವವರು ದಡ್ಡರು ಅನ್ನಿಸಬಹುದು. ಅಲ್ಲ. ಅವರ ಜಾಗದಲ್ಲಿ ಕೂತರೆ ‘ಬೇಡ’ ಅನ್ನುವುದೇ ಜಾಣತನ.

ಆಪರೇಷನ್ಸ್ ಮ್ಯಾನೇಜರ್ ಒಬ್ಬರು ಹೊಸ ಪೈಪ್‌ಲೈನಿಗೆ (ಕೋಡನ್ನು ತಾನಾಗಿ ಟೆಸ್ಟ್ ಮಾಡಿ ಸರ್ವರ್‌ಗೆ ಹಾಕುವ ವ್ಯವಸ್ಥೆಗೆ) ‘ಸರಿ’ ಅಂದರು ಎಂದುಕೊಳ್ಳಿ. ಅದು ಚೆನ್ನಾಗಿ ಓಡಿದರೆ ಹೆಸರು ಡೆವಲಪರ್‌ಗಳಿಗೆ. ಕೆಟ್ಟರೆ ಉತ್ತರ ಹೇಳಬೇಕಾದವರು ಇವರು. ‘ಬೇಡ’ ಅಂದರೆ? ಕಂಪನಿಗೆ ನಷ್ಟ ಇದೆ, ಆದರೆ ಅದು ಯಾರ ಹೆಸರಿನಲ್ಲೂ ದಾಖಲಾಗುವುದಿಲ್ಲ. ತಡವಾದ ರಿಲೀಸಿಗೆ, ಕಾದು ಸುಸ್ತಾದ ಗ್ರಾಹಕನಿಗೆ, ಬೇಸತ್ತು ಕೆಲಸ ಬಿಟ್ಟ ಎಂಜಿನಿಯರ್‌ಗೆ ಯಾವ ಟಿಕೆಟ್ಟೂ (ದೂರಿನ ದಾಖಲೆಯೂ) ಇಲ್ಲ. ‘ಬೇಡ’ ಅನ್ನುವವರಿಗೆ ಖರ್ಚಿಲ್ಲ. ‘ಸರಿ’ ಅನ್ನುವವರ ಜೇಬಿಗೇ ಕತ್ತರಿ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಟಿಎಸ್‌ಬಿ ಪ್ರಕರಣದಲ್ಲಿ ಬ್ಯಾಂಕಿಗೆ ದಂಡ ಹಾಕಿದ ಮೇಲೆ, 2023ರಲ್ಲಿ ಆಗಿನ ಮಾಹಿತಿ ತಂತ್ರಜ್ಞಾನ ಮುಖ್ಯಸ್ಥರಿಗೂ ವೈಯಕ್ತಿಕವಾಗಿ 81,620 ಪೌಂಡ್ ದಂಡ ಬಿತ್ತು. ಹೀಗಿರುವಾಗ ಹೊಸ ಪದ್ಧತಿ ಬಗ್ಗೆ ಉತ್ಸಾಹದಿಂದ ಮಾತಾಡುವ 28 ವರ್ಷದ ಎಂಜಿನಿಯರ್‌ನ ಮಾತಿಗೆ ಒಬ್ಬ ಮುಖ್ಯಸ್ಥ ಸಹಿ ಯಾಕೆ ಹಾಕಬೇಕು?

ಸೇವಾ ಕಂಪನಿಗಳಲ್ಲಿ ಇನ್ನೊಂದು ಲೆಕ್ಕವೂ ಇದೆ. ಬಿಲ್ಲು ತಲೆ ಎಣಿಸಿ, ಗಂಟೆ ಎಣಿಸಿ ಆಗುವ ಗುತ್ತಿಗೆಗಳಲ್ಲಿ ಇಬ್ಬರ ಕೆಲಸವನ್ನು ಸ್ಕ್ರಿಪ್ಟ್ ಬರೆದು ಯಂತ್ರಕ್ಕೆ ವಹಿಸಿದರೆ ಇಬ್ಬರ ಬಿಲ್ಲು ಹೋಗುತ್ತದೆ. ಮ್ಯಾನೇಜರ್ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ‘ಕ್ಲೈಂಟ್ ಒಪ್ಪಲ್ಲ’ ಅನ್ನುತ್ತಾರೆ. ಇನ್ನು ಬೆಂಗಳೂರು ತುಂಬ ಎದ್ದಿರುವ, ವಿದೇಶಿ ಕಂಪನಿಗಳದೇ ಆದ ಕೇಂದ್ರಗಳು. ಇಂಥ ಕೇಂದ್ರಗಳು ದೇಶದಲ್ಲಿ 1,700ಕ್ಕೂ ಹೆಚ್ಚಿವೆ ಎಂದು ಐಟಿ ಉದ್ಯಮದ ಒಕ್ಕೂಟ ನಾಸ್ಕಾಂ 2024ರಲ್ಲಿ ಲೆಕ್ಕ ಕೊಟ್ಟಿತ್ತು, ಅತಿ ಹೆಚ್ಚು ಇರುವುದು ಬೆಂಗಳೂರಿನಲ್ಲೇ. ಇಲ್ಲಿ ಪಾಡುಪಡುವವರು ವೈಟ್‌ಫೀಲ್ಡಿನಲ್ಲಿ, ನಿಯಮ ಬರೆಯುವವರು ಎಷ್ಟೋ ಸಲ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ. ಅಧಿಕಾರ ಇಲ್ಲದಿರುವುದು ಇಲ್ಲಿ ಒಬ್ಬ ಎಂಜಿನಿಯರ್‌ನ ಪಾಡಲ್ಲ, ಇಡೀ ಆಫೀಸಿನ ಪಾಡು.

ಗುರುವಾರದ ಮೀಟಿಂಗ್ ಏನು ಕೊಡುತ್ತದೆ?

ದೊಡ್ಡ ಸಂಸ್ಥೆಗಳಲ್ಲಿ ಚೇಂಜ್ ಅಡ್ವೈಸರಿ ಬೋರ್ಡ್ ಎಂಬ ಸಮಿತಿ ಇರುತ್ತದೆ. ಬಾಯಿಮಾತಿನಲ್ಲಿ ‘ಕ್ಯಾಬ್’. ವಾರಕ್ಕೊಮ್ಮೆ ಸೇರುತ್ತದೆ, ಗುರುವಾರ ಅಂತಲೇ ಇಟ್ಟುಕೊಳ್ಳೋಣ. ಯಾವ ಬದಲಾವಣೆ ಪ್ರೊಡಕ್ಷನ್‌ಗೆ (ಗ್ರಾಹಕರು ಬಳಸುವ ಅಸಲಿ ವ್ಯವಸ್ಥೆಗೆ) ಹೋಗಬಹುದು ಅಂತ ಅಲ್ಲಿ ತೀರ್ಮಾನ.

ಇದು ಕೆಲಸ ಮಾಡುತ್ತದೆಯೇ? ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಸಂಗಡಿಗರು ಶುರುಮಾಡಿ ಈಗ ಗೂಗಲ್‌ನಲ್ಲಿರುವ ‘ಡೋರಾ’ ಸಂಶೋಧನಾ ತಂಡ ವರ್ಷಗಳಿಂದ ಇದನ್ನು ಅಳೆಯುತ್ತಿದೆ. ತಂಡದ ಹೊರಗಿನವರ ಅನುಮತಿ ಬೇಕಾಗುವ ಭಾರದ ಪದ್ಧತಿ ಇರುವ ಕಡೆ ಕಳಪೆ ಸಾಧನೆಯ ಗುಂಪಿಗೆ ಸೇರುವ ಸಾಧ್ಯತೆ 2.6 ಪಟ್ಟು ಹೆಚ್ಚು ಅಂತ 2019ರ ವರದಿ ಹೇಳಿತು. ಕೆಡುವ ಬದಲಾವಣೆಗಳು ಇದರಿಂದ ಕಡಿಮೆಯಾಗುತ್ತವೆ ಅನ್ನುವುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಎರಡು ಸಾವಿರ ಸಾಲು ಕೋಡನ್ನು ಎಂದೂ ನೋಡಿರದ ಎಂಟು ಜನ, ಐದು ನಿಮಿಷದಲ್ಲಿ ಒಂದು ಎಕ್ಸೆಲ್ ಸಾಲು ಓದಿ ಏನನ್ನು ಹಿಡಿದಾರು?

ಆದರೂ ಕ್ಯಾಬ್ ಉಳಿದಿದೆ. ಯಾಕೆಂದರೆ ಅದು ತಪ್ಪು ಹಿಡಿಯುವ ಕೆಲಸಕ್ಕಿಂತ ಬೇರೆ ಒಂದನ್ನು ಕೊಡುತ್ತದೆ. ಹೊಣೆಯನ್ನು ಎಂಟು ಜನರಿಗೆ ಹಂಚುತ್ತದೆ. ನಾಳೆ ಕೆಟ್ಟರೆ ‘ಕ್ಯಾಬ್ ಒಪ್ಪಿತ್ತು’ ಅನ್ನಬಹುದು. ಆಡಿಟರ್ ಬಂದರೆ ತೋರಿಸಲು ಕಾಗದ ಇರುತ್ತದೆ. ಹುಮ್ಮಸ್ಸಿನ ಎಂಜಿನಿಯರ್‌ಗಳು ಎಡವುವುದು ಇಲ್ಲೇ. ಕ್ಯಾಬ್ ವ್ಯರ್ಥ ಅಂತ ಡೋರಾ ಅಂಕಿ ತೋರಿಸಿ ವಾದ ಮಾಡುತ್ತಾರೆ. ಆ ವಾದ ಗೆದ್ದರೂ ಎದುರಿಗಿರುವವರ ಕೈಯಲ್ಲಿದ್ದ ಛತ್ರಿ ಕಿತ್ತುಕೊಂಡ ಹಾಗೆ ಆಗುತ್ತದೆ. ಮಳೆಯಲ್ಲಿ ನಿಂತವರು ಛತ್ರಿ ಬಿಡುವುದಿಲ್ಲ.

ಬೇರೆ ಛತ್ರಿ ಕೊಡಬೇಕು. ಅದು ಈಗಿರುವ ನಿಯಮಗಳ ಒಳಗೇ ಇದೆ.

ಬ್ಯಾಂಕುಗಳಲ್ಲಿ ‘ಮೇಕರ್-ಚೆಕರ್’ ಅನ್ನುವ ಮಾತು ಗುಮಾಸ್ತರಿಂದ ಹಿಡಿದು ಎಲ್ಲರಿಗೂ ಗೊತ್ತು. ಒಬ್ಬರು ನಮೂದಿಸಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು. ಡೆವಲಪರ್‌ಗಳ ಪುಲ್ ರಿಕ್ವೆಸ್ಟ್ ಪದ್ಧತಿ ಇದೇ ತಾನೆ? ಬರೆದವರು ಒಬ್ಬರು, ಒಪ್ಪಿದವರು ಇನ್ನೊಬ್ಬರು, ಸಮಯ ಸಮೇತ ದಾಖಲೆ. ಮೇಲಾಗಿ ಯಂತ್ರ ನಡೆಸಿದ ಪ್ರತಿ ಟೆಸ್ಟಿನ ಫಲಿತಾಂಶವೂ ಅದರ ಜೊತೆ. ಆಡಿಟರ್‌ಗೆ ಇದು ಎಕ್ಸೆಲ್ ಸಾಲಿಗಿಂತ ಗಟ್ಟಿ ಸಾಕ್ಷಿ. ಆದರೆ ‘ಪುಲ್ ರಿಕ್ವೆಸ್ಟ್’ ಅಂದರೆ ಆಡಿಟರ್ ಹುಬ್ಬು ಗಂಟಿಕ್ಕುತ್ತಾರೆ, ‘ಮೇಕರ್-ಚೆಕರ್’ ಅಂದರೆ ತಲೆಯಾಡಿಸುತ್ತಾರೆ. ಅಧಿಕಾರ ಇಲ್ಲದವರ ಅರ್ಧ ಕೆಲಸ ಇಂಥ ಅನುವಾದವೇ.

ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹೆದರಿಸುವವರಿಗೂ ಉತ್ತರ ಇದೆ. 2023ರ ನವೆಂಬರ್ 7ರಂದು ಹೊರಬಂದು 2024ರ ಏಪ್ರಿಲ್ 1ರಿಂದ ಜಾರಿಯಾದ ಐಟಿ ಆಡಳಿತದ ನಿರ್ದೇಶನ, ಬದಲಾವಣೆಗಳಿಗೆ ಅನುಮತಿ ಮತ್ತು ದಾಖಲೆ ಇರಬೇಕು, ಸುರಕ್ಷಿತವಾಗಿ ಮತ್ತು ಸಕಾಲದಲ್ಲಿ ಆಗಬೇಕು, ವಿಫಲವಾದರೆ ಚೇತರಿಸಿಕೊಳ್ಳುವ ವ್ಯವಸ್ಥೆ ಬೇಕು ಅನ್ನುತ್ತದೆ. ಪ್ರತಿ ಬದಲಾವಣೆಗೂ ಗುರುವಾರದ ಮೀಟಿಂಗ್ ಬೇಕು ಅಂತ ಅದರಲ್ಲಿ ಬರೆದಿಲ್ಲ. ‘ಸಕಾಲದಲ್ಲಿ’ ಅನ್ನುವ ಪದವನ್ನು ಜನ ಓದದೇ ದಾಟುತ್ತಾರೆ.

ಇನ್ನೊಂದು ಬಾಗಿಲು, ಐಟಿ ಸೇವೆ ನಿಭಾಯಿಸುವ ಐಟಿಲ್ ಎಂಬ ಹಳೆಯ ಪದ್ಧತಿಯಲ್ಲಿದೆ. ಕ್ಯಾಬ್ ನಡೆಸುವವರಿಗೆ ಅದು ಚೆನ್ನಾಗಿ ಗೊತ್ತು. ಅದರಲ್ಲಿ ‘ಸ್ಟ್ಯಾಂಡರ್ಡ್ ಚೇಂಜ್’ ಅನ್ನುವ ವರ್ಗ ಇದೆ. ಪದೇ ಪದೇ ಆಗುವ, ಅಪಾಯ ಕಡಿಮೆ ಇರುವ, ವಿಧಾನ ಗೊತ್ತಿರುವ ಬದಲಾವಣೆಗೆ ಒಮ್ಮೆ ಒಪ್ಪಿಗೆ ಕೊಟ್ಟರೆ ಸಾಕು, ಪ್ರತಿ ಸಲ ಬೇಡ. ಹಾಗಾಗಿ ಕ್ಯಾಬನ್ನು ಮುಚ್ಚಿ ಅಂತ ಕೇಳಬೇಕಾಗಿಲ್ಲ. ಕ್ಯಾಬಿಗೇ ಹೋಗಿ, ‘ಈ ಒಂದು ಬಗೆಯ ಬದಲಾವಣೆ ಕಳೆದ 40 ಸಲ ಹೀಗಾಗಿದೆ, ಎರಡು ಸಲ ಕೆಟ್ಟಿದೆ, ಕೆಟ್ಟಾಗ ಇಷ್ಟು ನಿಮಿಷದಲ್ಲಿ ಹಿಂದಕ್ಕೆ ಬಂದಿದೆ, ಇದನ್ನು ಸ್ಟ್ಯಾಂಡರ್ಡ್ ಮಾಡಬಹುದೇ?’ ಅಂತ ಕೇಳಬಹುದು. ಒಪ್ಪಿದವರು ಅವರೇ ಆಗುತ್ತಾರೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಪಾಯಿಖಾನೆಯಲ್ಲಿ ಪಾಠ

ಆದೇಶ ಕೊಡುವ ಅಧಿಕಾರ ಇಲ್ಲದೆ ಒಂದು ದೊಡ್ಡ ಸಂಸ್ಥೆಯ ರೂಢಿ ಬದಲಾಗಿದ್ದಕ್ಕೆ ಒಳ್ಳೆಯ ದಾಖಲೆ ಇರುವುದು ಗೂಗಲ್‌ನಲ್ಲಿ. ಅಲ್ಲಿ ಎಲ್ಲ ಮೊದಲಿನಿಂದ ಚೆನ್ನಾಗಿತ್ತು ಅಂದುಕೊಳ್ಳಬೇಡಿ. 2005ರ ಸುಮಾರಿಗೆ ಅವರ ಸರ್ಚ್ ಪುಟ ಕೊಡುವ ಮುಖ್ಯ ವೆಬ್ ಸರ್ವರ್ ತಂಡ ಪ್ರೊಡಕ್ಷನ್‌ಗೆ ಕಳಿಸುತ್ತಿದ್ದ ರಿಲೀಸ್‌ಗಳಲ್ಲಿ ಒಂದು ಹಂತದಲ್ಲಿ ಶೇ 80ಕ್ಕೂ ಹೆಚ್ಚನ್ನು ಬಗ್‌ಗಳ ಕಾರಣಕ್ಕೆ ಹಿಂದಕ್ಕೆ ಪಡೆಯಬೇಕಾಗಿತ್ತು.

ಆ ತಂಡದ ತಾಂತ್ರಿಕ ಮುಂದಾಳು ಭರತ್ ಮೆಡಿರಟ್ಟ ತನ್ನ ತಂಡದ ಮಟ್ಟಿಗೆ ಒಂದು ನಿಯಮ ಮಾಡಿದರು. ಟೆಸ್ಟ್ (ಕೋಡ್ ಸರಿಯಿದೆಯೇ ಅಂತ ತಾನಾಗಿ ಪರೀಕ್ಷಿಸುವ ಇನ್ನೊಂದು ಕೋಡ್) ಇಲ್ಲದ ಹೊಸ ಕೋಡ್ ಸೇರಿಸಿಕೊಳ್ಳುವುದಿಲ್ಲ. ಒಂದು ವರ್ಷದಲ್ಲಿ ತುರ್ತು ರಿಲೀಸ್‌ಗಳು ಅರ್ಧಕ್ಕೆ ಇಳಿದವು. ಅದೇ ಸಮಯದಲ್ಲಿ ಬದಲಾವಣೆಗಳ ಸಂಖ್ಯೆ ಏರುತ್ತಲೇ ಇತ್ತು.

ಮಿಕ್ಕ ತಂಡಗಳ ಮೇಲೆ ಅವರಿಗೆ ಅಧಿಕಾರ ಇರಲಿಲ್ಲ. ಹಾಗಾಗಿ ಬಿಡುವಿನ ಹೊತ್ತಿನಲ್ಲಿ ಕೆಲಸ ಮಾಡುವ ಸ್ವಯಂಸೇವಕರ ಗುಂಪು ಕಟ್ಟಿಕೊಂಡರು. ಹೊಸದಾಗಿ ಸೇರುವವರ ತರಬೇತಿಯಲ್ಲಿ ಒಂದು ಗಂಟೆ ಟೆಸ್ಟಿಂಗ್ ಪಾಠ ಹಾಕಿಸಿದರು. ಟೆಸ್ಟ್ ಬರೆಯುವುದು ಈ ಕಂಪನಿಯ ವಾಡಿಕೆ ಎಂಬಂತೆ ಪಾಠ. ಹೊಸಬರು ನಂಬಿದರು! ತಮ್ಮ ತಂಡಗಳಿಗೆ ಹೋಗಿ ಟೆಸ್ಟ್ ಬರೆದರು, ಬರೆಯದ ಹಳಬರನ್ನು ಪ್ರಶ್ನಿಸಿದರು. ಕಂಪನಿ ಬೆಳೆಯುತ್ತಿದ್ದ ವೇಗಕ್ಕೆ ಹಳಬರಿಗಿಂತ ಹೊಸಬರೇ ಜಾಸ್ತಿಯಾದರು.

2006ರಲ್ಲಿ ಒಂದು ಪುಟದ ಟಿಪ್ಪಣಿ ಬರೆದು ಪಾಯಿಖಾನೆಗಳ ಒಳಗೆ ಅಂಟಿಸಲು ಶುರುಮಾಡಿದರು. ಓದದೆ ವಿಧಿಯಿಲ್ಲದ ಜಾಗ ಅದು. ತಂಡಗಳಿಗೆ ಐದು ಮೆಟ್ಟಿಲಿನ ಒಂದು ಪ್ರಮಾಣಪತ್ರವನ್ನೂ ಇಟ್ಟರು. ಮೊದಲ ಮೆಟ್ಟಿಲನ್ನು ಬೇಕಂತಲೇ ಸುಲಭ ಮಾಡಿದರು. 2015ರಲ್ಲಿ ಆ ಯೋಜನೆ ನಿಲ್ಲಿಸುವ ಹೊತ್ತಿಗೆ 1,500ಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳಿಗೆ ಅದು ನೆರವಾಗಿತ್ತು.

ಇದನ್ನು ಹಾಗೇ ತಂದು ಇಲ್ಲಿ ನೆಡಲು ಆಗುವುದಿಲ್ಲ. ಅಲ್ಲಿ ಬಿಡುವಿನ ಸಮಯಕ್ಕೆ ಮಾನ್ಯತೆ ಇತ್ತು, ಎಂಜಿನಿಯರ್ ಮಾತಿಗೆ ಬೆಲೆ ಇತ್ತು, ತಲೆ ಎಣಿಸುವ ಬಿಲ್ಲು ಇರಲಿಲ್ಲ. ಆದರೂ ಕ್ರಮ ಗಮನಿಸಬೇಕು. ತಮ್ಮ ಕೈಗೆ ಎಟುಕುವ ಒಂದು ಜಾಗದಲ್ಲಿ ಮೊದಲು ಮಾಡಿದರು, ಫಲ ಎಣಿಸಿದರು, ಆಮೇಲೆ ಬಾಯಿ ತೆರೆದರು. ಎಷ್ಟೋ ಕಡೆ ಇದು ತಿರುಗುಮುರುಗು. ಸ್ಲೈಡ್ ಮೊದಲು ಬರುತ್ತದೆ.

ಎಲ್ಲಿ ಹೂತುಹೋಗುತ್ತದೆ

ಅಧಿಕಾರ ಇಲ್ಲದವರ ಪ್ರಯತ್ನ ಸೋಲುವ ರೀತಿಗಳೂ ಚಿರಪರಿಚಿತ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಹೆಸರು ಬದಲಾವಣೆ. ಮೇಲಿನವರು ಒಪ್ಪಿದ ಹಾಗೆ ಮಾಡಿ ‘ಡೆವ್‌ಆಪ್ಸ್ ಟೀಮ್’ ಎಂಬ ಮೂರನೇ ಗುಂಪು ಕಟ್ಟುತ್ತಾರೆ. ಇಬ್ಬರ ನಡುವಿನ ಗೋಡೆ ಒಡೆಯಲು ಹೋಗಿ ಇನ್ನೊಂದು ಗೋಡೆ. ಡೆವಲಪರ್‌ಗಳು ಈಗ ಆಪರೇಷನ್ಸ್ ಬದಲು ಡೆವ್‌ಆಪ್ಸ್‌ಗೆ ಟಿಕೆಟ್ ಹಾಕಿ ಕಾಯುತ್ತಾರೆ.

ಇನ್ನೊಂದು, ಒಬ್ಬರೇ ಹೊರುವ ಭಾರ. ಉತ್ಸಾಹಿ ಎಂಜಿನಿಯರ್ ರಾತ್ರಿ ಕೂತು ಪೈಪ್‌ಲೈನ್ ಕಟ್ಟುತ್ತಾರೆ. ಅದು ಓಡುತ್ತದೆ. ಕೆಟ್ಟಾಗ ಅವರಿಗೇ ಫೋನ್. ಎರಡು ವರ್ಷಕ್ಕೆ ಅವರು ಬೇರೆ ಕಂಪನಿ ಸೇರುತ್ತಾರೆ. ಪೈಪ್‌ಲೈನ್ ಯಾರಿಗೂ ಅರ್ಥವಾಗದ ಹಳೇ ಮನೆಯಾಗುತ್ತದೆ, ‘ನೋಡಿ, ಇದಕ್ಕೇ ಬೇಡ ಅಂದಿದ್ದು’ ಅನ್ನುವ ಮಾತು ಬರುತ್ತದೆ. ಆಪರೇಷನ್ಸ್‌ನ ಒಬ್ಬರನ್ನಾದರೂ ಮೊದಲ ದಿನದಿಂದ ಜೊತೆಗೆ ಕೂರಿಸಿಕೊಳ್ಳದೆ ಕಟ್ಟಿದ್ದು ಹೆಚ್ಚು ದಿನ ಬಾಳುವುದಿಲ್ಲ.

ಮತ್ತೆ ಒಂದು ಮಿತಿ ಇದ್ದೇ ಇದೆ. ಒಂದು ತಂಡದ ರೂಢಿ ಬದಲಿಸಲು ಅಧಿಕಾರ ಬೇಡ. ಗುತ್ತಿಗೆಯ ಬಿಲ್ಲಿಂಗ್ ರೀತಿ ಬದಲಿಸಲು, ಎರಡು ಇಲಾಖೆಯ ಬಡ್ತಿಯ ಮಾನದಂಡ ಬದಲಿಸಲು ಬೇಕೇ ಬೇಕು. ಕೆಳಗಿನಿಂದ ಹೊರಟ ಬದಲಾವಣೆ ಒಂದಲ್ಲ ಒಂದು ದಿನ ಆ ಬಾಗಿಲಿಗೆ ಬಂದು ನಿಲ್ಲುತ್ತದೆ. ಕೈಯಲ್ಲಿ ಅಂಕಿ ಇದ್ದರೆ ತಟ್ಟಬಹುದು.

ಮುಂದೇನು?

ಎರಡು ಒತ್ತಡಗಳು ಹೊರಗಿನಿಂದ ಬರುತ್ತಿವೆ. ಒಂದು ಎಐ. 2024ರ ಡೋರಾ ವರದಿ, ಎಐ ಬಳಕೆ ಶೇ 25 ಹೆಚ್ಚಿದ ಕಡೆ ರಿಲೀಸ್‌ಗಳ ಸ್ಥಿರತೆ ಅಂದಾಜು ಶೇ 7.2 ಇಳಿಯಿತು ಎಂದಿತು. ಕೋಡ್ ಬೇಗ ಹುಟ್ಟುತ್ತದೆ, ಹಾಗಾಗಿ ಮೂಟೆ ದೊಡ್ಡದಾಗುತ್ತದೆ ಅನ್ನುವುದು ಅವರು ಕೊಟ್ಟ ಒಂದು ವಿವರಣೆ. 2025ರ ಸಮೀಕ್ಷೆಯಲ್ಲಿ ಉತ್ತರಿಸಿದವರಲ್ಲಿ ಶೇ 90 ಮಂದಿ ಕೆಲಸದಲ್ಲಿ ಎಐ ಬಳಸುತ್ತಿದ್ದರು. ವೇಗದ ಅಂಕಿ ಸುಧಾರಿಸಿತ್ತು, ಅಸ್ಥಿರತೆ ಹಾಗೇ ಉಳಿದಿತ್ತು. ಟೆಸ್ಟ್ ಮತ್ತು ರೋಲ್‌ಬ್ಯಾಕ್ (ಹಿಂದಿನ ಸ್ಥಿತಿಗೆ ಮರಳುವ ವ್ಯವಸ್ಥೆ) ಗಟ್ಟಿಯಿರುವ ತಂಡಕ್ಕೆ ಎಐ ಕೈ ಸೇರಿಸುತ್ತದೆ. ಇಲ್ಲದ ಕಡೆ ಅದೇ ಗುರುವಾರದ ಮೀಟಿಂಗಿಗೆ ಮೂರು ಪಟ್ಟು ಕೋಡ್ ಬಂದು ನಿಲ್ಲುತ್ತದೆ. ಆಗ ಆಗುವುದು ಎರಡರಲ್ಲಿ ಒಂದು. ಓದದೆ ಸಹಿ ಹಾಕುವುದು, ಅಥವಾ ‘ಇದು ಬರೀ ಕಾನ್ಫಿಗರೇಷನ್’ ಅಂತ ಹೇಳಿ ಪಕ್ಕದಿಂದ ನುಗ್ಗಿಸುವುದು.

ಎರಡನೆಯದು ಅಷ್ಟು ಸುದ್ದಿಯಾಗಿಲ್ಲ, ಆದರೆ ಅಧಿಕಾರ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಿಕ್ಕಿಲ್ಲ. ವೆಬ್‌ಸೈಟಿನ ಸಂಪರ್ಕ ಸುರಕ್ಷಿತ ಎಂದು ಬ್ರೌಸರ್‌ಗೆ ತೋರಿಸಲು ಬೇಕಾದ ಭದ್ರತಾ ಸರ್ಟಿಫಿಕೇಟ್‌ಗಳು 2026ರ ಮಾರ್ಚ್ ತನಕ ಗರಿಷ್ಠ 398 ದಿನ ಬಾಳಬಹುದಿತ್ತು. ವರ್ಷಕ್ಕೊಮ್ಮೆ ಯಾರೋ ಕೈಯಲ್ಲಿ ಹೊಸದು ಹಾಕಿದರೆ ಆಯಿತು. ಬ್ರೌಸರ್ ಕಂಪನಿಗಳು ಮತ್ತು ಸರ್ಟಿಫಿಕೇಟ್ ಕೊಡುವವರ ಒಕ್ಕೂಟ 2025ರ ಏಪ್ರಿಲ್‌ನಲ್ಲಿ ಮತ ಹಾಕಿ ಇದನ್ನು ಇಳಿಸಿತು. 2026ರ ಮಾರ್ಚ್ 15ರಿಂದ ಗರಿಷ್ಠ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಬರೀ 47 ದಿನ.

ಇದಕ್ಕೆ ಯಾವ ಮ್ಯಾನೇಜರ್ ‘ಬೇಡ’ ಅಂದರೂ ನಡೆಯುವುದಿಲ್ಲ. ನೂರು ಸರ್ಟಿಫಿಕೇಟ್ ಇರುವ ಸಂಸ್ಥೆಯನ್ನು ತೆಗೆದುಕೊಳ್ಳಿ. 398 ದಿನದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ನೂರು ಸಣ್ಣ ಬದಲಾವಣೆ. 47 ದಿನದ ಲೆಕ್ಕದಲ್ಲಿ ಸುಮಾರು 780. ಕ್ಯಾಬ್ ಸೇರುವುದು ವರ್ಷಕ್ಕೆ 52 ಸಲ. ಪ್ರತಿ ಗುರುವಾರ ಹದಿನೈದು ಸರ್ಟಿಫಿಕೇಟ್‌ಗೆ ಸಹಿ ಹಾಕಿ ಮುಗಿಸಿದ ಮೇಲೆ ಮಿಕ್ಕ ವಿಷಯ. ಒಂದು ತಪ್ಪಿದರೂ ವೆಬ್‌ಸೈಟ್ ಬಂದ್, ತಪ್ಪಿದ್ದು ಯಾರ ಟೇಬಲ್ಲಿನಲ್ಲಿ ಅನ್ನುವುದಕ್ಕೆ ಈ ಸಲ ದಾಖಲೆ ಇರುತ್ತದೆ. ಆ ನೂರರಲ್ಲಿ ಹತ್ತನ್ನು ಈಗಲೇ ಯಂತ್ರದಿಂದ ನವೀಕರಿಸಿ, ಕೆಲವು ತಿಂಗಳ ದಾಖಲೆ ಇಟ್ಟುಕೊಂಡವರ ಹತ್ತಿರ, ‘ಇದನ್ನು ಸ್ಟ್ಯಾಂಡರ್ಡ್ ಚೇಂಜ್ ಮಾಡಿಕೊಡ್ತೀರಾ?’ ಅಂತ ಕ್ಯಾಬಿನವರೇ ಬಂದು ಕೇಳುವ ಪರಿಸ್ಥಿತಿ ಬರಬಹುದು.